ಕಣ್ಣಿಗೆ ಬಿಡುವ ಮದ್ದು: ಉಳಿಸುವುದು ಯಾವುದು, ಕೆಡಿಸುವುದು ಯಾವುದು?

(ರೈತರು ಮತ್ತು ಕೃಷಿ ಕೂಲಿಕಾರರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಕೂಟದ ವ್ಯವಸ್ಥಾಪಕರು ನನಗೆ ಕಣ್ಣು ಮತ್ತು ಔಷಧಿ ಎಂಬ ವಿಷಯವನ್ನು ಕೊಟ್ಟಿದ್ದಾರೆ. ಕೂಲಿ, ಸಾಲ, ಬೆಳೆಯ ಬೆಲೆ ಇವುಗಳ ಮಾತು ನಡೆಯುವ ಜಾಗದಲ್ಲಿ ಕಣ್ಣಿನ ಮದ್ದಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೊಯ್ಲಿನಲ್ಲಿ ಭತ್ತದ ಸುಂಕು ಹಾರುವುದು ಯಾರ ಕಣ್ಣಿಗೆ? ಕಬ್ಬಿನ ಗರಿ ಗೀರುವುದು ಯಾರ ಕಣ್ಣನ್ನು? ಬದುವಿನ ಮೇಲೆ ನಿಂತು ಲೆಕ್ಕ ಬರೆಯುವವರ ಕಣ್ಣನ್ನಲ್ಲ. ಬಗ್ಗಿ ಕೊಯ್ಯುವವರ ಕಣ್ಣನ್ನು. ಆದುದರಿಂದ ಇದು ದುಡಿಯುವವರ ವಿಷಯವೇ ಸರಿ.

ಮದುರೆಯಲ್ಲಿ 434 ಮಂದಿ ಕಣ್ಣುಹುಣ್ಣಿನ ರೋಗಿಗಳನ್ನು ಪರೀಕ್ಷಿಸಿ ಬರೆದ ವರದಿಯೊಂದು 1997ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 65 ಮಂದಿಗೆ ಮೊದಲು ಕಣ್ಣಿಗೆ ಪೆಟ್ಟು ಬಿದ್ದಿತ್ತು, ಆಮೇಲೆ ಹುಣ್ಣಾಗಿತ್ತು. ಅದೇ ಜಿಲ್ಲೆಯಲ್ಲಿ ನಡೆದ ಮತ್ತೊಂದು ಅಧ್ಯಯನದ ಪ್ರಕಾರ ವರ್ಷಕ್ಕೆ ಲಕ್ಷ ಜನರಲ್ಲಿ 113 ಮಂದಿಗೆ ಇಂಥ ಹುಣ್ಣಾಗುತ್ತದೆ. ಅಮೆರಿಕದ ಒಂದು ಕೌಂಟಿಯಲ್ಲಿ ಎಣಿಸಿದಾಗ ಸಿಕ್ಕಿದ ಸಂಖ್ಯೆ ಲಕ್ಷಕ್ಕೆ 11. ಹತ್ತು ಪಾಲು ವ್ಯತ್ಯಾಸ! ನಮ್ಮ ಕಣ್ಣು ಅವರ ಕಣ್ಣಿಗಿಂತ ಬೇರೆ ಮಣ್ಣಿನಿಂದ ಮಾಡಿದ್ದಲ್ಲ. ನಾವು ಮಾಡುವ ಕೆಲಸ ಬೇರೆ, ನಮಗೆ ಸಿಗುವ ಚಿಕಿತ್ಸೆ ಬೇರೆ.

ಕಣ್ಣಿನ ಗಾಜು

ಕಣ್ಣಿನ ಮುಂಭಾಗದಲ್ಲಿ, ಕರಿಗುಡ್ಡೆಯ ಮೇಲೆ, ಗಡಿಯಾರದ ಗಾಜಿನಂತೆ ಒಂದು ಪದರವಿದೆ. ವೈದ್ಯರು ಅದನ್ನು ಕಾರ್ನಿಯ ಎನ್ನುತ್ತಾರೆ. ದಪ್ಪ ಸುಮಾರು ಅರ್ಧ ಮಿಲಿಮೀಟರು. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಬೆಳಕು ನಿರಾತಂಕವಾಗಿ ಒಳಗೆ ಸಾಗುತ್ತಿರಲಿಲ್ಲ. ರಕ್ತ ಹರಿಯದ ಕಡೆಗೆ ನುಂಗಿದ ಮಾತ್ರೆಯ ಸತ್ವ ಸಾಕಷ್ಟು ತಲುಪುವುದಿಲ್ಲ. ಆದ್ದರಿಂದಲೇ ಕಣ್ಣಿನ ಮೇಲ್ಭಾಗದ ರೋಗಕ್ಕೆ ಹನಿಯನ್ನೋ ಮುಲಾಮನ್ನೋ ನೇರವಾಗಿ ಹಾಕಬೇಕಾಗಿದೆ.

ಈ ಗಾಜಿನ ಮೇಲ್ಪೊರೆ ಗೀರಿದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಕೂಡಿಕೊಳ್ಳುತ್ತದೆ. ಆದರೆ ಗೀರಿನೊಳಗೆ ರೋಗಾಣು ಇಳಿದರೆ ಹುಣ್ಣಾಗುತ್ತದೆ. ನೋವು, ನೀರು ಸುರಿಯುವುದು, ಬೆಳಕನ್ನು ನೋಡಲಾಗದಿರುವುದು, ಕರಿಗುಡ್ಡೆಯ ಮೇಲೆ ಬಿಳಿಯ ಚುಕ್ಕೆ, ಇವು ಅದರ ಗುರುತು. ಹುಣ್ಣು ಮಾಯ್ದರೂ ಬಿಳಿಯ ಕಲೆ ಉಳಿಯುತ್ತದೆ. ಕಣ್ಣಿಗೆ ಹೂ ಬಿದ್ದಿದೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದು ಈ ಕಲೆಗೇ. ಆಳವಾಗಿ ಹೂ ಬಿದ್ದ ಮೇಲೆ ಅದನ್ನು ಕರಗಿಸುವ ಹನಿ ಯಾವ ಅಂಗಡಿಯಲ್ಲೂ ಇಲ್ಲ. ಸತ್ತವರು ದಾನ ಕೊಟ್ಟ ಕಣ್ಣಿನಿಂದ ಗಾಜನ್ನು ತೆಗೆದು ಕಸಿ ಮಾಡಬೇಕು. ಆದುದರಿಂದ ಮದ್ದು ಕೆಲಸ ಮಾಡುವುದು ಹೂ ಬೀಳುವ ಮುಂಚೆ, ಮೊದಲ ದಿನಗಳಲ್ಲಿ.

ಮೊದಲ ದಿನದ ಮದ್ದು

ಮೊದಲ ದಿನದ ಬೆಲೆ ಎಷ್ಟೆಂಬುದನ್ನು ನೇಪಾಳದ ಭಕ್ತಪುರದ ಅನುಭವ ತೋರಿಸುತ್ತದೆ. ಅಲ್ಲಿ ಸುಮಾರು 35,000 ಜನರನ್ನು ಎರಡು ವರ್ಷ ಕಾಲ ಹಳ್ಳಿಯ ಆರೋಗ್ಯ ಸ್ವಯಂಸೇವಕರು ನೋಡಿಕೊಂಡರು. ಕಣ್ಣು ಗೀರಿದವರಿಗೆ ಕ್ಲೋರಾಂಫೆನಿಕಾಲ್ ಎಂಬ ಅಗ್ಗದ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿದರು. ಇಂಥ 442 ಮಂದಿಯಲ್ಲಿ 18 ಗಂಟೆಯೊಳಗೆ ಬಂದವರು 284. ಅವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಎರಡನೆಯ ದಿನ ಬಂದವರು 49. ಅವರಲ್ಲಿ 14 ಮಂದಿಗೆ ಹುಣ್ಣಾಯಿತು. ಮದ್ದು ಅದೇ, ಜನರೂ ಅದೇ ಊರಿನವರು, ವ್ಯತ್ಯಾಸವೆಲ್ಲ ಗಂಟೆಗಳದು. ಈ ವರದಿ ಬಂದದ್ದು 2001ರಲ್ಲಿ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅದೇ ನೇಪಾಳದಲ್ಲಿ ಮುಂದೆ ನಡೆದು 2022ರಲ್ಲಿ ಪ್ರಕಟವಾದ ಬೇರೊಂದು ದೊಡ್ಡ ಪ್ರಯೋಗದಲ್ಲಿ, ಮುಲಾಮಿನ ಏರ್ಪಾಡಿದ್ದ ಪ್ರದೇಶಗಳಿಗೂ ಇಲ್ಲದ ಪ್ರದೇಶಗಳಿಗೂ ಹುಣ್ಣಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾನು ಇದರಿಂದ ತೆಗೆಯುವ ಪಾಠ ಇಷ್ಟೆ: ಡಬ್ಬಿಯಲ್ಲಿ ಮುಲಾಮು ಇದ್ದರೆ ಸಾಲದು. ಗೀರಿದವರು ಆ ದಿನವೇ ಬರುವಂತೆ ಆಗಬೇಕು. ಅರ್ಧ ದಿನದ ಕೂಲಿ ಹೋಗುತ್ತದೆಂದು ಸಂಜೆಯವರೆಗೆ ಕಣ್ಣುಜ್ಜಿಕೊಂಡು ಕೊಯ್ಯುವ ಹೆಂಗಸಿಗೆ 18 ಗಂಟೆಯ ಲೆಕ್ಕ ಹೇಳಿ ಏನು ಪ್ರಯೋಜನ?

ಬೂಷ್ಟಿನ ಹುಣ್ಣು

ಮದುರೆಯ ವರದಿಯಲ್ಲಿ ಇನ್ನೊಂದು ಮುಖ್ಯ ಸಂಗತಿಯಿದೆ. ರೋಗಾಣು ಪತ್ತೆಯಾದ ಹುಣ್ಣುಗಳಲ್ಲಿ ನೂರಕ್ಕೆ 47 ಬ್ಯಾಕ್ಟೀರಿಯಾದಿಂದ, ಬಹುಮಟ್ಟಿಗೆ ಅಷ್ಟೇ ಪಾಲು ಶಿಲೀಂಧ್ರದಿಂದ ಆದವು. ಶಿಲೀಂಧ್ರವೆಂದರೆ ಮಣ್ಣಿನಲ್ಲಿ, ಒಣಹುಲ್ಲಿನಲ್ಲಿ, ಕೊಳೆತ ಸೊಪ್ಪಿನಲ್ಲಿ ಬದುಕುವ ಬೂಷ್ಟು. ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬವು ಇವುಗಳಲ್ಲಿ ಮುಖ್ಯ. ಬ್ಯಾಕ್ಟೀರಿಯಾಕ್ಕೆಂದು ಕೊಡುವ ಸಿಪ್ರೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಹನಿಗಳನ್ನು ತಿಂಗಳುಗಟ್ಟಲೆ ಬಿಟ್ಟರೂ ಈ ಬೂಷ್ಟು ಹೋಗುವುದಿಲ್ಲ. ಇದಕ್ಕೆ ಬೇರೆಯೇ ಮದ್ದು ಬೇಕು.

ಆ ಮದ್ದು ನಟಮೈಸಿನ್. ಅದೂ ಮಣ್ಣಿನಿಂದಲೇ ಬಂದದ್ದು. 1955ರಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ ಅದನ್ನು ಬೇರ್ಪಡಿಸಿದರು. ಹೆಸರೂ ಆ ಊರಿನದೇ. ಮುಂದೆ ವೊರಿಕೊನಜೋಲ್ ಎಂಬ ಹೊಸ ಮದ್ದು ಬಂದಾಗ, ಹೊಸದಾದ್ದರಿಂದ ಅದೇ ಹೆಚ್ಚಿನದೆಂದು ಅನೇಕರು ನಂಬಿದರು. ನಮ್ಮ ದಕ್ಷಿಣ ಭಾರತದಲ್ಲೇ ಬೂಷ್ಟಿನ ಹುಣ್ಣಾದ 323 ರೋಗಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿದರು. 2013ರಲ್ಲಿ ಫಲ ಹೊರಬಿತ್ತು. ಹಳೆಯ ನಟಮೈಸಿನ್ನೇ ಮೇಲು, ಅದರಲ್ಲೂ ಫ್ಯುಸೇರಿಯಂ ಹುಣ್ಣಿಗೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಈ ಹನಿಯನ್ನು ಬಾಟಲಿ ಚೆನ್ನಾಗಿ ಕುಲುಕಿ ಬಿಡಬೇಕು. ಮೊದಲ ದಿನಗಳಲ್ಲಿ ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಮ್ಮೆ ಬಿಡಬೇಕು. ವಾರಗಟ್ಟಲೆ ತಾಳ್ಮೆ ಬೇಕು.

ಹುಣ್ಣು ಬ್ಯಾಕ್ಟೀರಿಯಾದ್ದೋ ಬೂಷ್ಟಿನದೋ ಎಂದು ಬರಿಗಣ್ಣಿನಿಂದ ಖಚಿತವಾಗಿ ಹೇಳಲಾಗದು. ಆದರೆ ಪರೀಕ್ಷೆ ದೊಡ್ಡದೇನಲ್ಲ. ಹುಣ್ಣಿನ ಅಂಚನ್ನು ತುಸು ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು, ಪೊಟಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಷ್ಟಿನ ಎಳೆಗಳು ಕಾಣುತ್ತವೆ. ಕೆಲವು ನಿಮಿಷಗಳ ಕೆಲಸ. ಕಫ ಪರೀಕ್ಷೆಗೆ ಸೂಕ್ಷ್ಮದರ್ಶಕವಿರುವ ಆಸ್ಪತ್ರೆಯಲ್ಲಿ ಇದನ್ನು ಏಕೆ ಮಾಡಬಾರದು?

ಬಾಯಿ ಕಟ್ಟಿದ ನಾಯಿ

ಈಗ ಕೆಡಿಸುವ ಮದ್ದಿನ ಮಾತಿಗೆ ಬರುತ್ತೇನೆ. ಕಣ್ಣು ಕೆಂಪಾದವರು ಮೊದಲು ಹೋಗುವುದು ಮೆಡಿಕಲ್ ಅಂಗಡಿಗೆ. "ಕಣ್ಣು ಉರಿ, ಒಂದು ಹನಿ ಕೊಡಿ" ಎಂದರೆ ಒಂದು ಬಾಟಲಿ ಸಿಗುತ್ತದೆ. ಅನೇಕ ವೇಳೆ ಅದರಲ್ಲಿ ಡೆಕ್ಸಮೆಥಸೋನ್, ಬೀಟಮೆಥಸೋನ್, ಪ್ರೆಡ್ನಿಸೊಲೋನ್ ಇವುಗಳಲ್ಲೊಂದು ಬೆರೆತಿರುತ್ತದೆ. ಇವು ಸ್ಟೀರಾಯ್ಡ್ ಜಾತಿಯವು. ಬಿಟ್ಟ ಮಾರನೆಯ ದಿನವೇ ಕೆಂಪು ಇಳಿಯುತ್ತದೆ, ಉರಿ ತಗ್ಗುತ್ತದೆ. ಒಳ್ಳೆಯ ಮದ್ದು ಕೊಟ್ಟ ಎಂದು ಅಂಗಡಿಯವನಿಗೆ ಹೆಸರು ಬರುತ್ತದೆ.

ಕೆಂಪು ಏಕೆ ಇಳಿಯಿತು? ರೋಗಾಣು ಒಳಗೆ ನುಗ್ಗಿದಾಗ ದೇಹ ತನ್ನ ಕಾವಲು ಪಡೆಯನ್ನು ಅಲ್ಲಿಗೆ ಕಳಿಸುತ್ತದೆ. ಕಣ್ಣು ಕೆಂಪಾಗುವುದು, ಊದುವುದು ಆ ಪಡೆಯ ಗದ್ದಲ. ಸ್ಟೀರಾಯ್ಡ್ ಆ ಪಡೆಯನ್ನು ಸುಮ್ಮನಾಗಿಸುತ್ತದೆ. ಕಳ್ಳ ಮನೆಯೊಳಗಿದ್ದಾನೆ, ಬೊಗಳುವ ನಾಯಿಯ ಬಾಯಿ ಕಟ್ಟಿದ್ದೇವೆ. ಮನೆಯಲ್ಲಿ ನಿಶ್ಶಬ್ದ; ಕಳ್ಳನಿಗೆ ಅನುಕೂಲ. ಬೂಷ್ಟಿನ ಹುಣ್ಣಿಗೆ ಈ ಹನಿ ಬಿದ್ದರೆ ಬೂಷ್ಟು ಅಡ್ಡಿಯಿಲ್ಲದೆ ಆಳಕ್ಕೆ ಇಳಿಯುತ್ತದೆ; ಕೊನೆಗೆ ಗಾಜು ತೂತಾಗಿ ಕಣ್ಣೇ ಹೋಗಬಹುದು. ಹರ್ಪಿಸ್ ಎಂಬ ವೈರಸ್ಸಿನ ಹುಣ್ಣಿಗೂ ಇದು ಹಾಗೆಯೇ ಶತ್ರು.

ಎರಡನೆಯ ಅಪಾಯ ನಿಧಾನವಾದದ್ದು. ಸ್ಟೀರಾಯ್ಡ್ ಹನಿಯನ್ನು ಕೆಲವು ವಾರ ಬಿಟ್ಟರೆ ಸುಮಾರು ಮೂರರಲ್ಲಿ ಒಬ್ಬರಿಗೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ನೂರರಲ್ಲಿ ಐದಾರು ಮಂದಿಗೆ ಬಹಳ ಏರುತ್ತದೆ. ಒತ್ತಡಕ್ಕೆ ಸಿಕ್ಕ ದೃಷ್ಟಿನರ ಸದ್ದಿಲ್ಲದೆ ಒಣಗುತ್ತದೆ. ಇದಕ್ಕೆ ಹೆಚ್ಚು ಬಲಿಯಾಗುವವರಲ್ಲಿ ಮಕ್ಕಳಿದ್ದಾರೆ. ಬೇಸಿಗೆ ಬಂತೆಂದರೆ ಕೆಲವು ಮಕ್ಕಳಿಗೆ ಕಣ್ಣು ತುರಿಕೆ. ಉಜ್ಜಿ ಉಜ್ಜಿ ಕಣ್ಣು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅದು ಅಲರ್ಜಿಯ ಕಾಯಿಲೆ. ಒಮ್ಮೆ ವೈದ್ಯರು ವಾರಕ್ಕೆಂದು ಬರೆದ ಹನಿ ಹಿತವಾಯಿತೆಂದು ತಾಯಿತಂದೆಗಳು ಹಳೆಯ ಬಾಟಲಿ ತೋರಿಸಿ ವರ್ಷಗಟ್ಟಲೆ ಹೊಸದು ತರುತ್ತಾರೆ. ಮಗುವಿಗೆ ತುರಿಕೆ ಹೋಗುತ್ತದೆ. ಜೊತೆಗೆ ದೃಷ್ಟಿಯೂ ಹೋಗುತ್ತದೆ. ಆ ತಾಯಿತಂದೆಗಳನ್ನು ನಾನು ದೂರುವುದಿಲ್ಲ. ಅವರಿಗೆ ಈ ಮಾತನ್ನು ಹೇಳಿದವರು ಯಾರು?

ಮೂರನೆಯದು ಪೊರೆ. ಕೀಲುವಾತಕ್ಕೆಂದು ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರ ಕಣ್ಣಿನಲ್ಲಿ ಪೊರೆ ಕಾಣಿಸಿಕೊಂಡದ್ದನ್ನು 1960ರಲ್ಲೇ ವೈದ್ಯರು ವರದಿ ಮಾಡಿದ್ದರು. ಹನಿಯಿಂದಲೂ ಇದು ಆಗುತ್ತದೆ.

ಹಾಗಾದರೆ ಸ್ಟೀರಾಯ್ಡ್ ವಿಷವೇ? ಅಲ್ಲ. ಕಣ್ಣಿನೊಳಗಿನ ಉರಿಯೂತಕ್ಕೆ, ಪೊರೆಯ ಶಸ್ತ್ರಕ್ರಿಯೆಯ ನಂತರ, ಕಸಿ ಮಾಡಿದ ಗಾಜನ್ನು ದೇಹ ತಿರಸ್ಕರಿಸದಂತೆ ತಡೆಯಲು ಅದು ಬೇಕೇ ಬೇಕು. ಅಲ್ಲೆಲ್ಲ ಅದು ದೃಷ್ಟಿ ಉಳಿಸುತ್ತದೆ. ವೈದ್ಯರು ಒಳಗೆ ನೋಡಿ, ದಿನ ಎಣಿಸಿ, ಒತ್ತಡ ಅಳೆದು ಕೊಡತಕ್ಕ ಮದ್ದು ಅದು. ಆದ್ದರಿಂದಲೇ ನಮ್ಮ ಕಾನೂನು ಅದನ್ನು ಶೆಡ್ಯೂಲ್ ಎಚ್ ಪಟ್ಟಿಯಲ್ಲಿಟ್ಟು, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿದೆ. ಕಾನೂನು ಪುಸ್ತಕದಲ್ಲಿದೆ, ಬಾಟಲಿ ಎಲ್ಲರ ಕೈಯಲ್ಲಿದೆ.

ಮನೆಮದ್ದಿನ ಬಗೆಗೂ ಒಂದು ಮಾತು. ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ತಂಪಿಗೆ ಇಟ್ಟುಕೊಳ್ಳುವುದು ಬೇರೆ. ಸೊಪ್ಪಿನ ರಸ, ಎದೆಹಾಲು, ಹರಳೆಣ್ಣೆಯನ್ನು ಗೀರಿದ ಕಣ್ಣಿಗೆ ಹಿಂಡುವುದು ಬೇರೆ. ಇವುಗಳ ಜೊತೆಗೆ ರೋಗಾಣುಗಳೂ ಗಾಯಕ್ಕೆ ಇಳಿಯುತ್ತವೆ. ಹುಲ್ಲುಕಡ್ಡಿಯಿಂದಲೋ ನಾಲಿಗೆಯಿಂದಲೋ ಕಸ ತೆಗೆಯುವುದೂ ಬೇಡ. ಕಸ ಬಿದ್ದರೆ ಶುದ್ಧ ನೀರಿನಿಂದ ತೊಳೆಯಿರಿ, ಉಜ್ಜಬೇಡಿ, ಅಂದೇ ಆಸ್ಪತ್ರೆಗೆ ಬನ್ನಿ.

ಹನಿ ಎಲ್ಲಿ ಹೋಗುತ್ತದೆ?

ಬಾಟಲಿಯ ಒಂದು ಹನಿಯನ್ನೇ ಕಣ್ಣು ಪೂರ್ತಿ ಹಿಡಿದಿಡಲಾರದು. ಉಳಿದದ್ದು ಕೆನ್ನೆಗೆ ಹರಿಯುತ್ತದೆ, ಇಲ್ಲವೆ ಕಣ್ಣೀರಿನ ನಾಳದಿಂದ ಮೂಗಿಗೆ, ಗಂಟಲಿಗೆ ಇಳಿಯುತ್ತದೆ. ಹನಿ ಬಿಟ್ಟ ಮೇಲೆ ಗಂಟಲು ಕಹಿಯಾಗುವುದು ಇದರಿಂದ. ಮೂಗಿನ ಪೊರೆಯಿಂದ ಅದು ರಕ್ತಕ್ಕೂ ಸೇರುತ್ತದೆ. ಆದ್ದರಿಂದ ಎರಡು ಮೂರು ಹನಿ ಸುರಿದರೆ ಹೆಚ್ಚು ಗುಣವಿಲ್ಲ, ಹೆಚ್ಚು ಖರ್ಚು ಮಾತ್ರ. ಕೈ ತೊಳೆದು, ಕೆಳರೆಪ್ಪೆ ಜಗ್ಗಿ, ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ತೆರೆದ ಬಾಟಲಿಯನ್ನು ತಿಂಗಳ ಮೇಲೆ ಇಟ್ಟುಕೊಳ್ಳಬಾರದು. ಒಬ್ಬರ ಹನಿ ಇನ್ನೊಬ್ಬರಿಗೆ ಬೇಡ.

ಕಣ್ಣಿನ ಪಾಪೆಯ ಮೇಲೆ ಮದ್ದಿನ ಪ್ರಭಾವವನ್ನು ನೀವು ಹೊಲದಲ್ಲೇ ಕಂಡಿರಬಹುದು. ಉಮ್ಮತ್ತಿಯ ಗಿಡ ಕಿತ್ತ ಕೈಯಿಂದ ಕಣ್ಣುಜ್ಜಿಕೊಂಡರೆ ಪಾಪೆ ಅಗಲವಾಗಿ ಕಣ್ಣು ಮಂಜಾಗುತ್ತದೆ. ಆಸ್ಪತ್ರೆಯಲ್ಲಿ ಬಿಡುವ ಆಟ್ರೋಪಿನ್ ಹನಿಯ ಗುಣವೂ ಅದೇ. ಉರಿಯೂತದಲ್ಲಿ ಅದು ಪಾಪೆಗೆ ವಿಶ್ರಾಂತಿ ಕೊಟ್ಟು ನೋವು ತಗ್ಗಿಸುತ್ತದೆ. ಕೆಲವು ಕೀಟನಾಶಕಗಳು ಮೈಗೆ ಸೇರಿದರೆ ಇದಕ್ಕೆ ವಿರುದ್ಧವಾಗಿ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಔಷಧಿ ಹೊಡೆಯುವವರಲ್ಲಿ ಇದನ್ನು ಕಂಡರೆ ಕಣ್ಣಿನ ಡಾಕ್ಟರಿಗಾಗಿ ಕಾಯಬೇಡಿ. ಅದು ಪ್ರಾಣದ ಪ್ರಶ್ನೆ, ಕೂಡಲೇ ದೊಡ್ಡಾಸ್ಪತ್ರೆಗೆ ಒಯ್ಯಿರಿ. ಅಲ್ಲಿ ಕೊಡುವ ಮದ್ದುಗಳಲ್ಲಿ ಮುಖ್ಯವಾದದ್ದು ಅದೇ ಆಟ್ರೋಪಿನ್.

ಮದ್ದಿಲ್ಲದ ಪೊರೆ, ಮದ್ದು ಬಿಡಲಾಗದ ಗ್ಲಾಕೋಮ

ಪೊರೆ ಕರಗಿಸುವ ಹನಿ ಎಂದು ಯಾರಾದರೂ ಮಾರಿದರೆ ಹಣ ಕೊಡಬೇಡಿ. ಪೊರೆಗೆ ಶಸ್ತ್ರಕ್ರಿಯೆಯೊಂದೇ ಚಿಕಿತ್ಸೆ. ನಮ್ಮ ನಾಡಿನ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ ಬಡವರ ಪೊರೆ ತೆಗೆದು ಈ ಮಾತನ್ನು ಜನರಿಗೆ ಕೆಲಸದಿಂದಲೇ ತಿಳಿಸಿದರು. 1956ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಗ್ಲಾಕೋಮದ ಕಥೆ ಇದಕ್ಕೆ ವಿರುದ್ಧ. ಅದರಲ್ಲಿ ಸಾಮಾನ್ಯವಾಗಿ ನೋವಿಲ್ಲ. ದೃಷ್ಟಿ ಅಂಚಿನಿಂದ ಒಳಗೆ ಕುಗ್ಗುತ್ತ ಬರುತ್ತದೆ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಲು ಟಿಮೊಲಾಲ್‌ನಂಥ ಹನಿಗಳನ್ನು ನಿತ್ಯವೂ, ಬಹುಮಂದಿಗೆ ಜೀವಮಾನವಿಡೀ ಬಿಡಬೇಕು. ಏನೂ ಗುಣ ಕಾಣುವುದಿಲ್ಲವೆಂದು ಬಾಟಲಿ ಮುಗಿದಾಗ ನಿಲ್ಲಿಸುವವರೇ ಹೆಚ್ಚು ಕಣ್ಣು ಕಳೆದುಕೊಳ್ಳುವುದು. ಟಿಮೊಲಾಲ್ ರಕ್ತಕ್ಕೆ ಸೇರಿದರೆ ಉಬ್ಬಸ ಹೆಚ್ಚಿಸಬಹುದು, ನಾಡಿ ನಿಧಾನಿಸಬಹುದು. ಉಬ್ಬಸವಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಬೇರೆ ರೋಗಕ್ಕೆಂದು ನುಂಗುವ ಮಾತ್ರೆಯೂ ಕಣ್ಣಿಗೆ ತಾಗಬಹುದು. ಸರ್ಕಾರಿ ಕ್ಷಯ ಚಿಕಿತ್ಸೆಯ ಆರಂಭದಲ್ಲಿ ಕೊಡುವ ನಾಲ್ಕು ಮದ್ದುಗಳಲ್ಲಿ ಎಥಾಂಬ್ಯುಟಾಲ್ ಒಂದು. ಕೆಲವರಿಗೆ ಅದು ದೃಷ್ಟಿನರವನ್ನು ಕೆಡಿಸುತ್ತದೆ. ಕಣ್ಣು ಮಂಜಾಗಬಹುದು, ಕೆಂಪು ಹಸಿರುಗಳ ಭೇದ ತಪ್ಪಬಹುದು. ಹಾಗಾದರೆ ಕ್ಷಯದ ಚಿಕಿತ್ಸೆಯನ್ನೇ ಬಿಟ್ಟುಬಿಡಬೇಡಿ. ಅಂದೇ ಹೋಗಿ ಹೇಳಿ. ಆ ಒಂದು ಮದ್ದನ್ನು ಬದಲಿಸಿ ಉಳಿದ ಚಿಕಿತ್ಸೆ ಮುಂದುವರಿಸುತ್ತಾರೆ. ಬೇಗ ನಿಲ್ಲಿಸಿದರೆ ದೃಷ್ಟಿ ಬಹುಮಂದಿಗೆ ಸುಧಾರಿಸುತ್ತದೆ.

ಬೆಲೆ ಕಟ್ಟುವವರು ಯಾರು?

ಮುಪ್ಪಿನಲ್ಲಿ ಕಣ್ಣಿನ ಹಿಂಪರದೆ ಕೆಡುವ ಒಂದು ರೋಗಕ್ಕೆ ಕಣ್ಣಿನೊಳಗೆ ಚುಚ್ಚುವ ಎರಡು ಮದ್ದುಗಳಿವೆ. ಬೆವಾಸಿಜುಮಾಬ್ ಕ್ಯಾನ್ಸರಿಗೆಂದು ಬಂದದ್ದು. ರಾನಿಬಿಜುಮಾಬ್ ಕಣ್ಣಿಗೆಂದೇ ಬಂದದ್ದು. ಎರಡನ್ನೂ ಕಂಡುಹಿಡಿದದ್ದು ಒಂದೇ ಕಂಪನಿ. 2011ರ ಹೊತ್ತಿಗೆ ಅಮೆರಿಕದಲ್ಲಿ ಕಣ್ಣಿನ ಒಂದು ಸಲದ ಚುಚ್ಚಿಗೆ ಮೊದಲನೆಯದಕ್ಕೆ ಸುಮಾರು 50 ಡಾಲರು, ಎರಡನೆಯದಕ್ಕೆ ಸುಮಾರು 2,000 ಡಾಲರು ಆಗುತ್ತಿತ್ತು. ಅಲ್ಲಿನ ಸರ್ಕಾರದ ಹಣದಿಂದಲೇ ಎರಡನ್ನೂ ಹೋಲಿಸಿ ನೋಡಿದಾಗ ದೃಷ್ಟಿಯ ಮಟ್ಟಿಗೆ ಎರಡೂ ಸರಿಸಮ ಎಂದು 2011ರಲ್ಲಿ ತಿಳಿಯಿತು. ಅಗ್ಗದ್ದನ್ನು ಕಣ್ಣಿಗೆ ಬಳಸದಂತೆ ಮಾಡಲು ಒಳಒಪ್ಪಂದ ಮಾಡಿಕೊಂಡರೆಂದು ಇಟಲಿಯ ಸ್ಪರ್ಧಾ ಪ್ರಾಧಿಕಾರ 2014ರಲ್ಲಿ ಎರಡು ದೊಡ್ಡ ಕಂಪನಿಗಳಿಗೆ 18 ಕೋಟಿ ಯೂರೋಗೂ ಮೀರಿದ ದಂಡ ಹಾಕಿತು. ಮದ್ದಿನ ಗುಣವೇ ಬೇರೆ, ಮದ್ದಿನ ಬೆಲೆಯೇ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸಮಾಜ ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೂ ಸಾಕ್ಷಿಯಿದೆ. ರೆಪ್ಪೆಯ ಒಳಭಾಗ ಒರಟಾಗಿ, ಕೂದಲು ಒಳಗೆ ತಿರುಗಿ, ಕಣ್ಣಿನ ಗಾಜನ್ನೇ ಉಜ್ಜಿ ಕುರುಡು ಮಾಡುವ ಟ್ರಕೋಮ ರೋಗ ನಮ್ಮ ದೇಶದ ದೊಡ್ಡ ಪಿಡುಗಾಗಿತ್ತು. 1963ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಪ್ರತಿಜೈವಿಕ ಮುಲಾಮು, ನೀರು, ಮುಖದ ಶುಚಿ, ರೆಪ್ಪೆಯ ಶಸ್ತ್ರಕ್ರಿಯೆ, ಇವೆಲ್ಲ ಸೇರಿ ಕೆಲಸ ಮಾಡಿದವು. 1971ರಲ್ಲಿ ಕುರುಡರಲ್ಲಿ ನೂರಕ್ಕೆ ಐವರು ಈ ರೋಗದಿಂದ ಕುರುಡಾದವರು. 2024ರ ಅಕ್ಟೋಬರಿನಲ್ಲಿ, ಭಾರತದಲ್ಲಿ ಟ್ರಕೋಮ ಇನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಂಗಡಿಯ ಬಾಟಲಿಯೊಂದರಿಂದ ಆದ ಕೆಲಸವಲ್ಲ ಇದು.

ನಾವು ಕೇಳಬೇಕಾದುದು

ಮಿತ್ರರೆ, ಹಾಗಾದರೆ ನಾವು ಕೇಳಬೇಕಾದುದೇನು? ದೊಡ್ಡದೇನೂ ಅಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫ್ಲೋರೆಸಿನ್ ಬಣ್ಣದ ಕಾಗದದ ಪಟ್ಟಿ ಮತ್ತು ನೀಲಿ ಬೆಳಕಿನ ಬ್ಯಾಟರಿ ಇರಲಿ; ಆ ಬಣ್ಣ ತಾಗಿಸಿ ನೀಲಿ ಬೆಳಕಿನಲ್ಲಿ ನೋಡಿದರೆ ಗೀರು ಹಸಿರಾಗಿ ಹೊಳೆಯುತ್ತದೆ. ಮುಲಾಮು ಸದಾ ಇರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹುಣ್ಣು ಕೆರೆದು ನೋಡುವ ಏರ್ಪಾಡೂ ನಟಮೈಸಿನ್ ಹನಿಯೂ ಇರಲಿ. ಸ್ಟೀರಾಯ್ಡ್ ಹನಿಯನ್ನು ಚೀಟಿಯಿಲ್ಲದೆ ಮಾರದಂತೆ ಔಷಧ ನಿಯಂತ್ರಣದ ಅಧಿಕಾರಿಗಳು ಅಂಗಡಿಗಳನ್ನು ತಪಾಸಣೆ ಮಾಡಲಿ. ಕೊಯ್ಲಿಗೆ ಆಳು ಕರೆಯುವವರು ಕಣ್ಣಿಗೆ ಸಾದಾ ಕನ್ನಡಕ ಕೊಡಲಿ. ಕಣ್ಣಿಗೆ ಪೆಟ್ಟಾಗಿ ಆಸ್ಪತ್ರೆಗೆ ಹೋದವರ ಆ ದಿನದ ಕೂಲಿ ಹಿಡಿಯದಿರಲಿ. ಈ ಕೊನೆಯ ಬೇಡಿಕೆಯೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮದ್ದು. ಏಕೆಂದರೆ ಅದಿಲ್ಲದೆ ಉಳಿದ ಮದ್ದುಗಳು ಸಕಾಲಕ್ಕೆ ಕಣ್ಣು ತಲುಪುವುದಿಲ್ಲ.

ನಮ್ಮ ಕಡೆಯಿಂದಲೂ ಒಂದು ಕೆಲಸವಿದೆ. ಇಲ್ಲಿಂದ ಮನೆಗೆ ಹೋದ ಮೇಲೆ ಗೂಡಿನಲ್ಲಿಟ್ಟಿರುವ ಹಳೆಯ ಕಣ್ಣಿನ ಬಾಟಲಿಗಳನ್ನು ತೆಗೆದು ನೋಡಿ. ಓದು ಬರುವ ಮಕ್ಕಳಿಂದ ಅದರ ಮೇಲಿನ ಹೆಸರನ್ನು ಓದಿಸಿ. ಡೆಕ್ಸ, ಬೀಟ, ಪ್ರೆಡ್ನಿ ಎಂದು ಆರಂಭವಾಗುವ ಹೆಸರು ಕಂಡರೆ ಅದನ್ನು ವೈದ್ಯರ ಮುಂದಿಟ್ಟು ಕೇಳಿ. ಅಲ್ಲಿಯವರೆಗೆ ಹೊಸದಾಗಿ ಕೆಂಪಾದ ಯಾರ ಕಣ್ಣಿಗೂ ಬಿಡಬೇಡಿ. ಇಂದು ನೀವು ಕೇಳಿದ್ದನ್ನು ನಾಳೆ ಗದ್ದೆಯಲ್ಲಿ ನಾಲ್ಕು ಜನರಿಗೆ ಹೇಳಿ.